ಗೆರೆಯ ಕೆಳಗೆ ಕೆಂಪು

ನಮ್ಮ ಯಜಮಾನರು ಬಹಳ ಮೆದು ಮಾತಿನವರು. ಇದನ್ನು ನನಗೆ ಹೇಳಿದವರು ಸ್ವತಃ ಅವರೇ. ಅವರು ಹೇಳಿದ್ದು ಕೆಳಗೆ ತಮ್ಮ ಮನೆಯ ಹಜಾರದಲ್ಲಿ ನಿಂತು. ನಾನು ಕೇಳಿಸಿಕೊಂಡದ್ದು ಮಹಡಿಯ ಮೇಲೆ, ಬಚ್ಚಲಿನ ಬಾಗಿಲು ಹಾಕಿಕೊಂಡು, ತಲೆಗೆ ನೀರು ಸುರಿದುಕೊಳ್ಳುತ್ತಾ. ಒಂದಕ್ಷರವೂ ತಪ್ಪದೆ ಕೇಳಿಸಿತು.

ಯಜಮಾನರು ಎಂದರೆ ನಾನು ಬಾಡಿಗೆಗಿರುವ ಮನೆಯ ಒಡೆಯರು. ಅದು ಸಾಲದೆಂಬಂತೆ ಕಚೇರಿಯಲ್ಲೂ ಅವರ ಹಿಂದಿನ ಮೇಜೇ ನನ್ನದು. ನಮ್ಮದು ಊರಿನ ಶಬ್ದ ಅಳೆಯುವ ಕಚೇರಿ. ಎಲ್ಲಿ ಎಷ್ಟು ಗಲಾಟೆ ಎಂದು ಮೀಟರು ನೇತುಹಾಕಿ ಅಳೆಯುವುದು, ಅಳತೆಯನ್ನು ಗ್ರಾಫು ಮಾಡಿ ಸಾಹೇಬರ ಮುಂದಿಡುವುದು, ಸಾಹೇಬರು ಅದನ್ನು ನೋಡಿ "ಹೂಂ" ಎನ್ನುವುದು, ಇಷ್ಟೇ ಕೆಲಸ. ಅಲ್ಲಿ ಯಜಮಾನರು ಬಾಯಿ ಬಿಡುವುದೇ ಅಪರೂಪ. ಸಾಹೇಬರು ಏನು ಕೇಳಿದರೂ "ಆಯ್ತು ಸಾರ್" ಎನ್ನುತ್ತಾರೆ. ಅದೂ ಮೀಸೆ ದಾಟಿ ಹೊರಗೆ ಬರುವುದಿಲ್ಲ. ಮನೇಲಿ ಹುಲಿ, ಬೀದೀಲಿ ಇಲಿ ಎಂದು ಗಾದೆ ಕಟ್ಟಿದವರು ನಮ್ಮ ಮಹಡಿಯಲ್ಲೇ ಬಾಡಿಗೆಗಿದ್ದಿರಬೇಕು.

ಮನೆಯಲ್ಲಿ ಅವರಿಗೆ ವಸ್ತುಗಳು ಸಿಗುವುದಿಲ್ಲ. ದೋಷ ಅಷ್ಟೇ. ಕನ್ನಡಕ ಸಿಗುವುದಿಲ್ಲ, ಬೀಗದ ಕೈ ಸಿಗುವುದಿಲ್ಲ, ಕೊಡೆ ಸಿಗುವುದಿಲ್ಲ, ಒಂದು ಸಲ ಹಾಕಿಕೊಂಡಿದ್ದ ಅಂಗಿಯೇ ಸಿಗಲಿಲ್ಲ. ಸಿಗದಿದ್ದಾಗ ಹಜಾರದ ನಡುವೆ ನಿಂತು "ನನ್ನ ಕನ್ನಡಕ ಎಲ್ಲೀ?" ಎಂದು ಕೇಳುತ್ತಾರೆ. ಕೇಳುತ್ತಾರೆ ಎಂಬುದು ಅವರ ಮಾತು. ಆ ಹೊತ್ತಿಗೆ ನನ್ನ ಕಿಟಕಿಯ ಗಾಜು ಜುಮ್ಮೆನ್ನುತ್ತದೆ, ಅವರ ಅಡುಗೆಮನೆಯಲ್ಲಿ ಮುಚ್ಚಳಗಳು ತಾವಾಗಿ ಮುಚ್ಚಿಕೊಳ್ಳುತ್ತವೆ. ಈ ಮನೆಗೆ ಬಂದಮೇಲೆ ನಾನು ಗಡಿಯಾರಕ್ಕೆ ಅಲಾರಾಂ ಇಟ್ಟದ್ದೇ ಇಲ್ಲ. ಈ ಸತ್ಯವನ್ನು ಅವರಿಗೆ ಯಾಕೆ ಹೇಳಲಿಲ್ಲ ಎಂದು ನೀವು ಕೇಳಬಹುದು. ಸತ್ಯ ಹೇಳುವುದು ಬೇರೆ, ಮನೆ ಒಡೆಯರಿಗೆ ಹೇಳುವುದು ಬೇರೆ.

ನಮ್ಮ ಬೀದಿಯ ಹಿಂದಕ್ಕೆ, ಒಂದೇ ಗೋಡೆಯ ಆಚೆ, ಹೆರಿಗೆ ಆಸ್ಪತ್ರೆ. ಹಾಗಾಗಿ ಬೀದಿ ನಿಶ್ಶಬ್ದ ವಲಯ ಎಂದು ಕಂಬದ ಮೇಲೆ ಬೋರ್ಡಿದೆ. ನಮ್ಮ ಪಕ್ಕದ ಮನೆಯ ಮುಂಭಾಗದಲ್ಲಿ ಬಡಗಿಯ ಅಂಗಡಿ. ಬಡಗಿಗೂ ಯಜಮಾನರಿಗೂ ಗಳಸ್ಯ ಕಂಠಸ್ಯ. ಸಂಜೆಯಾದರೆ ಇಬ್ಬರೂ ಮೆಟ್ಟಿಲ ಮೇಲೆ ಚದುರಂಗದ ಮಣೆ ಹಾಸಿಕೊಂಡು ಕೂತರೆಂದರೆ ಜಗತ್ತು ಅವರ ಪಾಲಿಗೆ ಇರುವುದಿಲ್ಲ. ಮಣೆಯೂ ಕಾಯಿಗಳೂ ಬಡಗಿ ಕೆತ್ತಿದವು. ಸೋಲುವುದು ಯಜಮಾನರ ಪಾಲು.

ಇಂಥ ಬಡಗಿಯ ಮೇಲೆ ಒಂದು ದಿನ ಆಸ್ಪತ್ರೆಯ ದೊಡ್ಡ ಸಿಸ್ಟರು ನಮ್ಮ ಕಚೇರಿಗೇ ಬಂದು ದೂರು ಕೊಟ್ಟರು.

"ದಿನಾ ಬೆಳಿಗ್ಗೆ ತೊಟ್ಟಿಲಲ್ಲಿರೋ ಕೂಸುಗಳೆಲ್ಲ ಒಟ್ಟಿಗೇ ಬೆಚ್ಚಿ ಎದ್ದು ಅಳ್ತವೆ. ಸಂಜೆ ಇನ್ನೊಂದು ಸಲ. ಗೋಡೆ ಆಚೆ ಆ ಬಡಗಿ ಏನೋ ರಾಕ್ಷಸ ಮೆಷಿನ್ ಇಟ್ಕೊಂಡಿದ್ದಾನೆ. ಮುಚ್ಚಿಸಿ."

ಸಾಹೇಬರು "ಹೂಂ" ಎಂದರು. ಒಂದು ವಾರ ಮೀಟರು ನೇತುಹಾಕಿ ಅಳೆಯುವುದು, ಮಿತಿ ದಾಟಿದ್ದರೆ ಅಂಗಡಿಗೆ ಬೀಗ ಎಂದು ತೀರ್ಮಾನವಾಯಿತು. ಅಳೆಯುವ ಕೆಲಸ ಅದೇ ಬೀದಿಯವರೆಂದು ಯಜಮಾನರಿಗೇ ಬಂತು.

ಸಂಜೆ ಬಡಗಿ ಚದುರಂಗದ ಆನೆಯನ್ನು ಕೈಯಲ್ಲಿ ಹಿಡಿದುಕೊಂಡು ಎಲ್ಲಿಡಬೇಕೆಂದು ತೋಚದೆ ಕೂತಿದ್ದ. "ಅಂಗಡಿ ಮುಚ್ಚಿದ್ರೆ ನಾನು ಎಲ್ಲಿಗೆ ಹೋಗ್ಲಿ? ನಮ್ಮಪ್ಪನ ಕಾಲದ ಜಾಗ. ಬೇರೆ ಕಡೆ ಗಿರಾಕಿ ಕಟ್ಟೋ ವಯಸ್ಸಾ ಇದು?"

"ಹೆದರ್ಬೇಡ ಕಣಯ್ಯ," ಎಂದರು ಯಜಮಾನರು. "ಅಳೆಯೋನು ನಾನು. ನಿನ್ನ ಶಬ್ದ ಎಷ್ಟು ಅಂತ ಬಣ್ಣ ಹಾಕಿ ತೋರಿಸ್ತೀನಿ. ಇಡೀ ಗ್ರಾಫು ಹಸಿರಾಗಿ ಹೊಳೀತಿರುತ್ತೆ ನೋಡ್ತಿರು."

ಈ ಬಣ್ಣದ ಹುಚ್ಚು ಹೊಸತು. ಹಿಂದಿನ ತಿಂಗಳು, ನಮ್ಮ ಪಕ್ಕದ ಕೋಣೆಯಲ್ಲಿ ಊರಿನ ಧೂಳು ಅಳೆಯುವ ಧೂಳು ವಿಭಾಗದ ಗುಮಾಸ್ತ ಮೀಟಿಂಗಿನಲ್ಲಿ ಬಣ್ಣ ತುಂಬಿದ ಗ್ರಾಫು ತೋರಿಸಿದ್ದ. ಸಾಹೇಬರು "ಹೂಂ" ಎನ್ನುವ ಬದಲು "ಭೇಷ್" ಎಂದುಬಿಟ್ಟಿದ್ದರು. ನಮ್ಮ ಯಜಮಾನರದೋ ಮಸಿಯಲ್ಲಿ ಬಿದ್ದೆದ್ದ ಇರುವೆ ಹರಿದಂಥ ಒಂದು ಕಪ್ಪು ಗೆರೆ. ಅಂದಿನಿಂದ ಅವರಿಗೆ ಅನ್ನ ಸೇರುತ್ತಿರಲಿಲ್ಲ. ಮಗಳು ಕಾಲೇಜಿನಲ್ಲಿ ಅಂಕಿಅಂಶದ ಶಾಸ್ತ್ರ ಓದುತ್ತಿದ್ದಳು. ಅವಳನ್ನು ಹಿಡಿದುಕೂರಿಸಿದರು.

"ಅಪ್ಪಾ, ಇದಕ್ಕೆ ಗ್ರಾಫಿಕ್ಸ್ ಲೈಬ್ರರಿ ಅಂತಾರೆ. ಬೇರೆಯವರು ಬರೆದಿಟ್ಟಿರೋ ಕಂಪ್ಯೂಟರ್ ಪ್ರೋಗ್ರಾಂ. ನಾವು ಕರೆದ್ರೆ ಸಾಕು, ಅದು ಬಣ್ಣ ತುಂಬುತ್ತೆ."

"ಕರೀತೀನಿ ಬಿಡು," ಎಂದರು ಅವರು. ಕರೆಯುವ ಕಲೆಯಲ್ಲಿ ಅವರಿಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ.

ಮೊದಲ ದಿನ ಬಣ್ಣ ಗೆರೆಯ ಮೇಲೆ ತುಂಬಿತು. ಆಕಾಶವೆಲ್ಲ ಕೆಂಪು, ನೆಲವೆಲ್ಲ ಖಾಲಿ. "ಮೇಲಲ್ಲಪ್ಪಾ, ಗೆರೆಗೂ ಸೊನ್ನೆಗೂ ನಡುವೆ ತುಂಬು ಅಂತ ಹೇಳ್ಬೇಕು," ಎಂದಳು ಮಗಳು. ಮಾರನೆಯ ದಿನ ಕೆಳಗೆ ತುಂಬಿತು, ಆದರೆ ಇಡೀ ಜಾಗ ಒಂದೇ ಬಣ್ಣ. "ಶಬ್ದ ಐವತ್ತು ಡೆಸಿಬೆಲ್‌ಗಿಂತ ಕೆಳಗಿದ್ರೆ ಹಸಿರು, ಎಪ್ಪತ್ತರ ತನಕ ಹಳದಿ, ಅದರ ಮೇಲೆ ಕೆಂಪು. ಮೂರಕ್ಕೂ ಬೇರೆ ಬೇರೆ ಷರತ್ತು ಹಾಕ್ಬೇಕು." ಹಾಕಿದರು. ಈಗ ಒಂದು ಬಣ್ಣ ಮುಗಿದು ಇನ್ನೊಂದು ಶುರುವಾಗುವಲ್ಲಿ ಬಿಳಿ ಸಂದು. ಗ್ರಾಫು ಹಲ್ಲುದುರಿದ ಬಾಯಿಯಂತೆ ಕಂಡಿತು. "ನನ್ನ ಹಳದಿ ಎಲ್ಲೀ?" ಎಂದು ಅವರು ಕೇಳಿದಾಗ ನಾನು ಮಹಡಿಯ ಮೇಲೆ ಕುಡಿಯುತ್ತಿದ್ದ ನೀರು ಮೂಗಿಗೆ ಹತ್ತಿತು. ಅಳತೆಯ ಎರಡು ಚುಕ್ಕೆಗಳ ನಡುವೆ ಗೆರೆ ಮಿತಿಯನ್ನು ದಾಟುವ ಜಾಗವನ್ನು ಲೈಬ್ರರಿಯೇ ಲೆಕ್ಕ ಹಾಕಿ ಸಂದು ಮುಚ್ಚುವ ಒಂದು ಆಜ್ಞೆ ಇದೆಯಂತೆ. ಮಗಳು ಅದನ್ನು ಸೇರಿಸಿದಳು, ಬಣ್ಣಕ್ಕೆ ಬಣ್ಣ ಕೂಡಿಕೊಂಡಿತು. ಸಂತೆಯ ಬೀದಿಯ ಹಳೆಯ ಅಂಕಿಗಳನ್ನು ಹಾಕಿ ನೋಡಿದರು. ಹಸಿರು, ಹಳದಿ, ಕೆಂಪು, ಮೂರೂ ಶಿಸ್ತಾಗಿ ಬಂದವು. ಯಜಮಾನರು ಧೂಳು ವಿಭಾಗದ ದಿಕ್ಕಿಗೆ ತಿರುಗಿ ಮೀಸೆ ತಿರುವಿದರು.

ಮೀಟರನ್ನು ಬೀದಿಯ ಕಂಬಕ್ಕೆ ಕಟ್ಟಬೇಕೆಂದು ನಿಯಮ. ಆದರೆ ಯಜಮಾನರಿಗೆ ಸಾವಿರ ಯೋಚನೆ. ಕದ್ದುಕೊಂಡು ಹೋದರೆ? ಮಳೆ ಬಂದರೆ? ಕಾಗೆ ಬಂದು ಪಕ್ಕದಲ್ಲೇ ಕೂತು ಕಿರುಚಿದರೆ ಪಾಪ ಬಡಗಿಯ ಲೆಕ್ಕಕ್ಕೆ ಬೀಳುವುದಿಲ್ಲವೇ? ಕೊನೆಗೆ ತಮ್ಮ ಹಜಾರದ ಕಿಟಕಿಯ ಒಳಬದಿಗೆ, ಕನ್ನಡಿಯ ಪಕ್ಕದ ಮೊಳೆಗೆ ನೇತುಹಾಕಿದರು.

"ರೀ, ಅದು ಮನೆಯೊಳಗಾಯ್ತಲ್ಲ," ಎಂದರು ಅವರ ಹೆಂಡತಿ.

"ಈ ಬೀದೀಲಿ ನಮ್ಮನೆಗಿಂತ ಪ್ರಶಾಂತವಾದ ಜಾಗ ಯಾವುದಿದೆ ಹೇಳು!" ಎಂದರು ಯಜಮಾನರು. ಮೀಟರು ಅಳೆಯಲು ಶುರು ಮಾಡಿದ್ದು ಆ ವಾಕ್ಯದಿಂದ.

ವಾರ ಕಳೆದು ವಿಚಾರಣೆಯ ದಿನ ಬಂತು. ಸಾಹೇಬರು, ದೊಡ್ಡ ಸಿಸ್ಟರು, ಇಸ್ತ್ರಿ ಮಾಡಿದ ಅಂಗಿ ತೊಟ್ಟ ಬಡಗಿ, ಕುತೂಹಲಕ್ಕೆ ಬಂದ ಧೂಳು ವಿಭಾಗದವನು, ಎಲ್ಲರೂ ಸೇರಿದ್ದರು. ಯಜಮಾನರು ಅಂಕಿಗಳನ್ನು ಮುಂಚೆ ತೆರೆದೂ ನೋಡಿರಲಿಲ್ಲ. ಎಲ್ಲರೆದುರು ಪರದೆಯ ಮೇಲೆ ಹಸಿರು ಹರಡಬೇಕು, ಆಗಲೇ ಅದರ ಗಮ್ಮತ್ತು ಎಂಬುದು ಅವರ ಆಸೆ.

"ಇದು ಗ್ರಾಫಿಕ್ಸ್ ಲೈಬ್ರರಿಯಿಂದ ಮಾಡಿದ್ದು ಸಾರ್," ಎಂದರು ಮೀಸೆಯೊಳಗೇ.

"ಲೈಬ್ರರಿಯಿಂದ ತಂದಿದ್ದಾ? ಕೆಲಸ ಆದ್ಮೇಲೆ ವಾಪಸ್ ಕೊಟ್ಬಿಡಿ," ಎಂದರು ಸಾಹೇಬರು.

ಯಜಮಾನರು ಗುಂಡಿ ಒತ್ತಿದರು. ಪರದೆಯ ಮೇಲೆ ಹಸಿರು ಬಂತು, ಇಲ್ಲವೆಂದಲ್ಲ. ಹತ್ತು ಗಂಟೆಯಿಂದ ಐದರವರೆಗೆ ಹುಲ್ಲುಗಾವಲಿನಂಥ ಹಸಿರು, ನಡುನಡುವೆ ಸ್ವಲ್ಪ ಹಳದಿ. ಆದರೆ ಅದರ ಎರಡೂ ಪಕ್ಕ, ಬೆಳಿಗ್ಗೆಯೂ ಸಂಜೆಯೂ, ಬೆಂಕಿ ಹತ್ತಿದಂತೆ ಕೆಂಪು ಎದ್ದು ನಿಂತಿತ್ತು. ಭಾನುವಾರವಂತೂ ಬೆಳಗಿನಿಂದ ಸಂಜೆಯವರೆಗೆ ಕೆಂಪೋ ಕೆಂಪು. ಸಂತೆಯ ಬೀದಿ ಇದರ ಮುಂದೆ ಮೌನವ್ರತ ಹಿಡಿದಂತಿತ್ತು.

ದೊಡ್ಡ ಸಿಸ್ಟರು ಎದ್ದು ನಿಂತರು. "ನಾ ಹೇಳ್ಲಿಲ್ವಾ?"

ಬಡಗಿ ಯಜಮಾನರ ಮುಖ ನೋಡಿದ. ಯಜಮಾನರು ಪರದೆ ನೋಡಿದರು. ನಾನು ಛಾವಣಿ ನೋಡಿದೆ.

"ಸಾರ್, ನಾನು ಮೆಷಿನ್ ಹಾಕೋದೇ ಹತ್ತು ಗಂಟೆ ಮೇಲೆ," ಎಂದ ಬಡಗಿ. "ಐದಕ್ಕೆ ಬಂದ್ ಮಾಡ್ತೀನಿ. ಭಾನುವಾರ ಅಂಗಡೀನೇ ತೆಗೆಯಲ್ಲ."

ಸಾಹೇಬರು ಕುರ್ಚಿಯಿಂದ ನಿಧಾನವಾಗಿ ಎದ್ದರು. ಅವರಿಗೆ ಪತ್ತೇದಾರಿಕೆ ಎಂದರೆ ಪ್ರಾಣ, ಆದರೆ ಸರ್ವೀಸಿನಲ್ಲಿ ಅವಕಾಶ ಸಿಕ್ಕಿರಲಿಲ್ಲ. "ನೋಡಿ ಇವನ ಚಾಲಾಕಿ! ನಮ್ಮ ಕಚೇರಿ ತೆಗೆದಿರೋ ಹೊತ್ತಿನಲ್ಲಿ ಗಪ್‌ಚುಪ್. ನಾವು ಬಾಗಿಲು ಹಾಕಿದ್ವೋ, ಇವನು ಮೆಷಿನ್ ಹಾಕಿದ. ಭಾನುವಾರ ನಮಗೆ ರಜಾ, ಇವನಿಗೆ ಹಬ್ಬ! ಇಲ್ಲಿ ನೋಡಿ, ಗುರುವಾರ ಮಧ್ಯಾಹ್ನವೇ ಕೆಂಪಾಗಿದೆ. ಗುರುವಾರ ಏನಾಗಿತ್ತು?"

"ಕರೆಂಟ್ ಇಲ್ಲ ಅಂತ ಮಧ್ಯಾಹ್ನ ಕಚೇರಿ ಮುಚ್ಚಿದ್ವಿ ಸಾರ್," ಎಂದ ಧೂಳು ವಿಭಾಗದವನು.

ಸಾಹೇಬರ ಕಣ್ಣು ಕಿರಿದಾಯಿತು. "ಅದು ಇವನಿಗೆ ಹೇಗೆ ಗೊತ್ತಾಯ್ತು? ಅಂದ್ರೆ ನಮ್ಮೊಳಗೇ ಯಾರೋ ಒಬ್ಬ ಇದಾನೆ. ನಾವು ಮನೆಗೆ ಹೊರಟ ಕೂಡಲೇ ಈ ಬೀದಿಗೆ ಸುದ್ದಿ ತಲುಪುತ್ತೆ!"

"ಛೇ, ಎಂಥ ದ್ರೋಹ ಸಾರ್," ಎಂದರು ಯಜಮಾನರು, ನಿಜವಾಗಿಯೂ ನೊಂದು.

ಭಾನುವಾರ ಸ್ಥಳಕ್ಕೇ ಬಂದು ಪರೀಕ್ಷಿಸಿ ಬೀಗ ಜಡಿಯುವುದೆಂದು ಸಾಹೇಬರು ಘೋಷಿಸಿದರು. ಬಡಗಿ ಯಾರಿಗೂ ಕಾಯದೆ ಹೊರಟುಹೋದ. ಅಂದು ಸಂಜೆ ಮೆಟ್ಟಿಲ ಮೇಲೆ ಚದುರಂಗದ ಮಣೆ ಹಾಸಲಿಲ್ಲ. ಯಜಮಾನರು ಒಬ್ಬರೇ ಕೂತು, ಆ ಕಡೆ ನೋಡಿ, ಈ ಕಡೆ ನೋಡಿ, ಒಳಗೆ ಹೋದರು. ಸಮಾಧಾನ ಹೇಳೋಣವೆಂದು ನಾನೂ ಹಿಂದೆಯೇ ಹೋದೆ.

ಮಗಳು ಹಜಾರದಲ್ಲಿ ಅದೇ ಗ್ರಾಫನ್ನು ತೆರೆದುಕೊಂಡು ಕೂತಿದ್ದಳು. "ಅಪ್ಪಾ, ಇಲ್ಲಿ ಕೆಂಪು ಮುಗಿಯುತ್ತಲ್ಲ, ಅದು ನೀನು ಆಫೀಸಿಗೆ ಹೊರಡೋ ಹೊತ್ತು. ಇಲ್ಲಿ ಶುರುವಾಗುತ್ತೆ, ನೀನು ವಾಪಸ್ ಬರೋ ಹೊತ್ತು. ಈ ಮೊನೆ ಕನ್ನಡಕ. ಇದು ಕೊಡೆ. ಈ ಎರಡು ಮೊನೆ ಒಟ್ಟಿಗೆ ಇದೆಯಲ್ಲ, ಎಡಗಾಲಿನ ಚಪ್ಪಲಿ, ಬಲಗಾಲಿನ ಚಪ್ಪಲಿ."

"ಏನು ನಿನ್ನ ಮಾತಿನ ಅರ್ಥ?"

"ಮೀಟರ್ ಕೇಳಿಸ್ಕೊಂಡಿದ್ದು ನಿನ್ನನ್ನ."

"ನಾನಾ? ನಾನು ಕೂಗ್ತೀನಾ? ಈ ಮನೇಲಿ ನಾನು ಯಾವತ್ತಾದ್ರೂ ದನಿ ಎತ್ತಿದ್ದೀನಾ?"

ಮೀಟರು ಇನ್ನೂ ಮೊಳೆಯಲ್ಲೇ ಇತ್ತು. ಮಗಳು ಅದನ್ನು ನೇರ ಪರದೆಗೆ ಜೋಡಿಸಿದ್ದಳು. ಹಸಿರಾಗಿ ಹರಿಯುತ್ತಿದ್ದ ಗೆರೆ ಹಾವು ಹೆಡೆ ಎತ್ತಿದಂತೆ ಎದ್ದಿತು, ಅದರ ಕೆಳಗೆ ಕೆಂಪು ತುಂಬಿಕೊಂಡಿತು. ಯಜಮಾನರು ಬಾಯಿ ಮುಚ್ಚಿದರು. ಗೆರೆ ಇಳಿದು ಹಸಿರಾಯಿತು. "ಅಲ್ಲಾ!" ಎಂದರು. ಕೆಂಪಾಯಿತು. ಮುಚ್ಚಿದರು. ಹಸಿರಾಯಿತು.

ಆಮೇಲೆ ಹೆಂಡತಿಯ ಕಡೆ ತಿರುಗಿ, ಕಚೇರಿಯ ದನಿಯಲ್ಲಿ ಕೇಳಿದರು: "ನಿಂಗೆ ಗೊತ್ತಿತ್ತಾ?"

"ಮದುವೆಯಾದಾಗಿಂದ."

"ಹೇಳ್ಬಾರ್ದಿತ್ತಾ?"

"ಹೇಳಿದ್ದೆ. ನೀವು ಕೂಗ್ತಿದ್ರಿ, ಕೇಳಿಸ್ಲಿಲ್ಲ."

ಭಾನುವಾರ ಸಾಹೇಬರು ಬೀಗ, ಮೊಹರು, ಆದೇಶದ ಕಾಗದ ಎಲ್ಲ ಹಿಡಿದು ಯಜಮಾನರ ಹಜಾರಕ್ಕೆ ಬಂದರು. ಸಿಸ್ಟರೂ ಬಂದರು. ಬೀದಿಗೆ ಬೀದಿಯೇ ಕಿಟಕಿಗೆ ಬಂತು. ಬಡಗಿಗೆ ಗರಗಸದ ಮೆಷಿನ್ ಹಾಕಲು ಹೇಳಿದರು. ಹಾಕಿದ. ಹಜಾರದ ಪರದೆಯ ಮೇಲೆ ಗೆರೆ ಒಂದಿಷ್ಟು ಏರಿ ಹಳದಿಯಾಯಿತು.

"ಬೇಕಂತಲೇ ಮೆಲ್ಲಗೆ ಓಡಿಸ್ತಿದ್ದಾನೆ," ಎಂದರು ಸಾಹೇಬರು.

ಬಡಗಿ ಮೆಷಿನ್ ನಿಲ್ಲಿಸಿ ಹಜಾರಕ್ಕೆ ಬಂದಮೇಲೆ ಯಜಮಾನರು ಮುಂದೆ ಬಂದರು. ಹಣೆಯ ಬೆವರು ಒರೆಸಿಕೊಳ್ಳಲು ಕನ್ನಡಕ ತೆಗೆದು ಕಿಟಕಿಯ ಕಟ್ಟೆಯ ಮೇಲಿಟ್ಟರು. ಇಪ್ಪತ್ತು ವರ್ಷದ ಸರ್ವೀಸಿನಲ್ಲಿ ಅವರು ಸಾಹೇಬರ ಮಾತಿಗೆ ಎದುರಾಡಿದ್ದು ಅದೇ ಮೊದಲು. "ಸಾರ್, ತಪ್ಪು ನಂದು. ಮೀಟರು ಕಂಬಕ್ಕೆ ಕಟ್ಟಲಿಲ್ಲ, ಮನೆಯೊಳಗೆ ಕಟ್ಟಿದೆ. ಆ ಕೆಂಪೆಲ್ಲ ನನ್ನ ಗಂಟಲು. ಇವನನ್ನ ಬಿಟ್ಬಿಡಿ."

ಅಷ್ಟನ್ನೂ ಹೇಳಿದ್ದು ಮೀಸೆಯೊಳಗೆ. ಪರದೆ ಹಸಿರಾಗಿಯೇ ಇತ್ತು.

ಸಾಹೇಬರ ಕಣ್ಣು ಒದ್ದೆಯಾಯಿತು. "ಎಂಥ ಮನುಷ್ಯ ರೀ ನೀವು! ಸ್ನೇಹಿತನಿಗೋಸ್ಕರ ಅಪವಾದ ತಲೆ ಮೇಲೆ ಹಾಕ್ಕೊಳ್ತೀರಾ? ನಿಮ್ಮ ದನಿ ನನಗೆ ಗೊತ್ತಿಲ್ವಾ?"

"ನಿಜವಾಗ್ಲೂ ನಾನೇ ಸಾರ್."

"ಹಾಗಾದ್ರೆ ಕೂಗಿ ನೋಡೋಣ."

ಯಜಮಾನರು ಎದೆ ತುಂಬ ಉಸಿರು ತೆಗೆದುಕೊಂಡರು. ಸಾಹೇಬರ ಮುಖ ನೋಡಿದರು. ಉಸಿರು ಹಾಗೆಯೇ ಆಚೆ ಹೋಯಿತು. "ಕನ್ನಡಕ..." ಎಂಬ ಒಂದು ಪಿಸುಮಾತು ಬಂತು. ಹಸಿರು. ಇನ್ನೊಮ್ಮೆ ಪ್ರಯತ್ನಿಸಿದರು, ಕೆಮ್ಮು ಬಂತು. ಅದೂ ಹಸಿರು. ಬಡಗಿ ತಲೆ ತಗ್ಗಿಸಿದ. ನನ್ನ ಸಾಕ್ಷಿ ಕೇಳಿದರು. ಹೌದು, ಇವರು ಕೂಗುತ್ತಾರೆ ಎಂದು ನಾನು ಈ ಸಲ ಹೇಳಿಯೇಬಿಟ್ಟೆ. ಬಾಡಿಗೆ ಮನೆಯವನು, ಒಡೆಯರ ಋಣದಲ್ಲಿರುವವನು ಎಂದು ಸಾಹೇಬರು ಅದನ್ನು ತಳ್ಳಿಹಾಕಿದರು.

ಆದೇಶದ ಕಾಗದವನ್ನು ಯಜಮಾನರ ಕೈಗೇ ಕೊಟ್ಟರು. "ಅಳತೆ ಮಾಡಿದವರು ನೀವು. ಓದಿ ರುಜು ಹಾಕಿ."

ಯಜಮಾನರು ಕಾಗದವನ್ನು ಹತ್ತಿರ ಹಿಡಿದರು, ದೂರ ಹಿಡಿದರು. ಕಿಟಕಿಯ ಕಟ್ಟೆ ತಡವಿದರು. ಕನ್ನಡಕ ಇರಲಿಲ್ಲ. ಜೇಬು ತಡವಿದರು, ತಲೆ ಮುಟ್ಟಿಕೊಂಡರು, ಕನ್ನಡಿಯ ಹಿಂದೆ ನೋಡಿದರು. ಅವರ ಕಿವಿ ಕೆಂಪಾಗತೊಡಗಿತು. ಈಗ ಅವರೆದುರು ಸಾಹೇಬರೂ ಇರಲಿಲ್ಲ, ಸರ್ವೀಸೂ ಇರಲಿಲ್ಲ.

"ನನ್ನ ಕನ್ನಡಕ ಎಲ್ಲೀ?"

ಗೆರೆ ಪರದೆಯ ನೆತ್ತಿ ಒಡೆದು ಆಚೆ ಹೋಯಿತು. ತುದಿಯಿಂದ ಬುಡದವರೆಗೆ ಕೆಂಪು ತುಂಬಿತು. ಸಾಹೇಬರ ಕೈಯ ಬೀಗ ಕೆಳಗೆ ಬಿತ್ತು, ಕಿಟಕಿಗಳಲ್ಲಿದ್ದ ಬೀದಿ ಒಮ್ಮೆಗೇ ಒಳಗೆ ಹೋಯಿತು. ಆಮೇಲೆ ಗೋಡೆಯ ಆಚೆಯಿಂದ ಆಸ್ಪತ್ರೆಯ ಕೂಸುಗಳೆಲ್ಲ ಒಟ್ಟಿಗೇ ಅಳುವುದು ಕೇಳಿಸಿತು.

"ಇದೇ!" ಎಂದು ಸಿಸ್ಟರು ಕಿರುಚಿದರು. "ಇದೇ ಮೆಷಿನ್!"

ಬಡಗಿ ಯಜಮಾನರನ್ನು ತಬ್ಬಿಕೊಂಡ. ಯಜಮಾನರು ಅವನ ಹೆಗಲ ಮೇಲಿಂದ "ಯಾರಾದ್ರೂ ನೋಡಿದ್ರಾ ನನ್ನ ಕನ್ನಡಕ?" ಎನ್ನುತ್ತಲೇ ಇದ್ದರು. ಸಾಹೇಬರು ಕಿವಿಯಲ್ಲಿ ಬೆರಳು ತಿರುವುತ್ತಾ ಆದೇಶದಲ್ಲಿ ಬಡಗಿಯ ಹೆಸರು ಹೊಡೆದುಹಾಕಿ, ಶಬ್ದದ ಮೂಲವು ತನ್ನ ಕನ್ನಡಕವನ್ನು ದಾರ ಕಟ್ಟಿ ಕುತ್ತಿಗೆಗೆ ಹಾಕಿಕೊಳ್ಳತಕ್ಕದ್ದು ಎಂದು ಬರೆದರು. ಸಂಜೆಯ ಹೊತ್ತಿಗೆ ಕನ್ನಡಕ ಸಕ್ಕರೆ ಡಬ್ಬಿಯಲ್ಲಿ ಸಿಕ್ಕಿತು. ಅದು ಅಲ್ಲಿಗೆ ಹೇಗೆ ಹೋಯಿತೆಂದು ಯಾರೂ ವಿಚಾರಿಸಲಿಲ್ಲ.

ಬಡಗಿ ಒಂದು ಮರದ ಗೂಡು ಮಾಡಿಕೊಟ್ಟ. ಕೊಡೆಗೊಂದು ಖಾನೆ, ಬೀಗದ ಕೈಗೊಂದು, ಒಂದೊಂದು ಚಪ್ಪಲಿಗೂ ಒಂದೊಂದು. ಕನ್ನಡಕ ದಾರದಲ್ಲಿ ನೇತಾಡಿತು. ಯಜಮಾನರು ಮನೆಯಲ್ಲೂ ಮೀಸೆಯೊಳಗೇ ಮಾತಾಡಲು ಕಲಿತರು. ಮಗಳ ಪರದೆಯ ಮೇಲೆ ಬೆಳಗಿನಿಂದ ಸಂಜೆಯವರೆಗೆ ಹಸಿರೇ ಹಸಿರು. ಎಲ್ಲರೂ ಸುಖವಾಗಿರಬೇಕಿತ್ತು.

ನಾನು ವಾರದಲ್ಲಿ ಮೂರು ದಿನ ಕಚೇರಿಗೆ ತಡವಾಗಿ ಹೋದೆ. ಬಡಗಿ ಚದುರಂಗದಲ್ಲಿ ಗೆದ್ದರೂ ಎದುರಿಗೆ ಒಂದು ಕೂಗಾಟವಿಲ್ಲದೆ ಗೆದ್ದ ಹಾಗೇ ಅನಿಸುವುದಿಲ್ಲ ಎಂದು ಗೊಣಗಿದ. ಒಂದು ಬೆಳಿಗ್ಗೆ ದೊಡ್ಡ ಸಿಸ್ಟರೇ ಬಂದು ಯಜಮಾನರ ಹೆಂಡತಿಯ ಬಳಿ ಕೂತು ಅಲವತ್ತುಕೊಂಡರು.

"ಮೊದಲು ಎಲ್ಲ ಕೂಸೂ ಒಟ್ಟಿಗೆ ಏಳ್ತಿದ್ವು, ಒಟ್ಟಿಗೆ ಹಾಲು ಕುಡಿಸಿ ಮಲಗಿಸ್ತಿದ್ವಿ. ಈಗ ಒಂದು ಮಲಗಿದ್ರೆ ಇನ್ನೊಂದು ಏಳುತ್ತೆ. ನನ್ನ ಹುಡುಗೀರಿಗೆ ಕೂರೋಕೂ ಪುರುಸೊತ್ತಿಲ್ಲ. ಸಂಜೇದು ಬೇಡಮ್ಮ. ಬೆಳಗಿಂದು ಒಂದು ಸಲ ಆಗೋ ಹಾಗಿದ್ರೆ..."

"ಮನೇಲೂ ಹಾಗೇ ಸಿಸ್ಟರ್," ಎಂದರು ಯಜಮಾನರ ಹೆಂಡತಿ. "ಅವರು ಆಫೀಸಿಗೆ ಹೋದ್ಮೇಲೆ ಹತ್ತರಿಂದ ಐದರ ತನಕ ಹೇಗೂ ಹಸಿರೇ ಇರ್ತಿತ್ತು, ಐದೂವರೆಗೆ ಬರ್ತಾರೆ ಅಂತ ಕಾಯ್ತಿದ್ದೆ. ಈಗ ಅವರು ಬಂದ್ರೂ ಬಂದಂಗಿರಲ್ಲ."

ಮಾರನೆಯ ಬೆಳಿಗ್ಗೆ ನಾನು ಹೊದಿಕೆಯೊಳಗೇ ಇದ್ದೆ. ಕೆಳಗೆ ಏನೋ ತಡವುವ ಸದ್ದು, ಗೂಡಿನ ಖಾನೆಗಳು ತೆರೆದು ಮುಚ್ಚುವ ಸದ್ದು. "ದಾರ ಇಲ್ಲಿದೆ, ಕನ್ನಡಕ..." ಎಂಬ ಮೀಸೆಯೊಳಗಿನ ಮಾತು. ಮತ್ತೆ ತಡವಾಟ. ಆಮೇಲೆ ನನ್ನ ಕಿಟಕಿಯ ಗಾಜು ಜುಮ್ಮೆಂದಿತು, ಪಕ್ಕದಲ್ಲಿ ಬಡಗಿ ಗಟ್ಟಿಯಾಗಿ ನಕ್ಕ, ಗೋಡೆಯ ಆಚೆ ಕೂಸುಗಳೆಲ್ಲ ಒಂದೇ ರಾಗಕ್ಕೆ ಎದ್ದವು.

"ಅಮ್ಮಾ, ಕೆಂಪು ಬಂತು!" ಎಂದಳು ಮಗಳು.

ಹಲ್ಲುಜ್ಜುತ್ತಾ ನಾನು ಮೆಟ್ಟಿಲಿಳಿದು ಬಂದಾಗ ಅಡುಗೆಮನೆಯಲ್ಲಿ ಯಜಮಾನರ ಹೆಂಡತಿ ಸಕ್ಕರೆ ಡಬ್ಬಿಯ ಮುಚ್ಚಳವನ್ನು ಭದ್ರವಾಗಿ ಮುಚ್ಚಿ, ಮೇಲಿನ ಹಲಗೆಗೆ ತಳ್ಳುತ್ತಿದ್ದರು. ನನ್ನನ್ನು ನೋಡಿ, "ಇವತ್ತು ನಿಮಗೆ ಚಹಾ ಸಪ್ಪೆ," ಎಂದರು.